ಕೊಟ್ಟಿಗೆಹಾರದ ಕಡೆಯ ಪಾಳುಬಿದ್ದ ತೋಟದ ಮನೆ: ಕೆಲಸವನ್ನು ಎಲ್ಲಿಂದ ಹಿಡಿಯಬೇಕು?

ಹಳೇಜಗಲಿ
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಕ್ಕೆ, ನಮ್ಮ ಅಜ್ಜ ಕಟ್ಟಿಸಿದ, ನಡುವೆ ತೆರೆದ ತೊಟ್ಟಿಯಂಗಳವಿರುವ ತೊಟ್ಟಿಮನೆಯೊಂದು ಸುತ್ತಲಿನ ಸಣ್ಣ ಕಾಫಿ ತೋಟದೊಂದಿಗೆ ಬಹಳ ವರ್ಷಗಳಿಂದ ಪಾಳುಬಿದ್ದಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅಲ್ಲಿ ಒಲೆ ಉರಿದಿಲ್ಲ. ಗೋಡೆ ಮಣ್ಣಿನದು, ಮೇಲೆ ಮಂಗಳೂರು ಹೆಂಚು, ಮರಮುಟ್ಟೆಲ್ಲ ಹೊನ್ನೆ ಮತ್ತು ಹಲಸಿನದು. ಹಿಂಬದಿಯ ಅಡುಗೆಮನೆಯ ಮಾಡು ಒಂದು ಮೂಲೆಯಲ್ಲಿ ಕುಸಿದು ಆಕಾಶ ಕಾಣುತ್ತದೆ. ಅಂಗಳವನ್ನೆಲ್ಲ ಲಂಟಾನ ಆವರಿಸಿಕೊಂಡಿದೆ, ಬಾವಿಕಟ್ಟೆಯ ಸಂದಿನಲ್ಲಿ ಆಲದ ಸಸಿ ಎದೆಯೆತ್ತರಕ್ಕೆ ಬೆಳೆದಿದೆ, ತೋಟದೊಳಗೆ ಯಾವುದು ಕಾಫಿ ಯಾವುದು ಕಾಡು ಎಂದು ಗುರುತು ಹತ್ತುವುದಿಲ್ಲ.

ಗುತ್ತಿಗೆದಾರರೊಬ್ಬರು ಜೆಸಿಬಿ ತರಿಸಿ ಎರಡೇ ದಿನದಲ್ಲಿ ಎಲ್ಲವನ್ನೂ ಬೋಳು ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಣ್ಣನಿಗಂತೂ ಹಳೆಯದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವ ಮನಸ್ಸು. ನನಗೆ ಮನೆ ಉಳಿಯಬೇಕು. ಈಗ ಜನವರಿ, ಮಳೆ ಹಿಡಿಯುವುದರೊಳಗೆ ಯಾವುದನ್ನು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂಬುದನ್ನು ಇಂಥ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ.

ಗಾರೆಕೆಲಸ (ಹಾಸನ)
ತಂಗಿ, ಹಳೆಯ ಮನೆಯನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಮಣ್ಣಿನ ಗೋಡೆ ಒಣಗಿರುವಷ್ಟು ಕಾಲ ತಲೆಮಾರುಗಟ್ಟಲೆ ನಿಲ್ಲುತ್ತದೆ. ನೆತ್ತಿಯಿಂದಲೋ ಬುಡದಿಂದಲೋ ನೀರು ಕುಡಿಯತೊಡಗಿದರೆ ಕೆಲವೇ ಮಳೆಗಾಲದಲ್ಲಿ ಕರಗಿಹೋಗುತ್ತದೆ. ಹೀಗಾಗಿ ಮಳೆಗೆ ಮುಂಚೆ ನಿಮಗಿರುವುದು ಎರಡೇ ಕೆಲಸ. ಮೇಲಿನಿಂದ ಬೀಳುವ ನೀರು ಒಳಗೆ ಬಾರದಂತೆ ಮಾಡುವುದು ಒಂದು, ಗುಡ್ಡದ ಕಡೆಯಿಂದ ಹರಿದು ಬರುವ ನೀರು ಗೋಡೆಯ ಬುಡಕ್ಕೆ ತಾಗದಂತೆ ತಿರುಗಿಸುವುದು ಇನ್ನೊಂದು. ಬಣ್ಣ, ನೆಲ, ಕರೆಂಟು, ಸ್ನಾನದ ಮನೆ, ಇವೆಲ್ಲ ಮುಂದಿನ ವರ್ಷದ ಮಾತು.

ಮನೆಯ ಮೇಲ್ಬದಿಯಲ್ಲಿ ಹಿಂದಿನವರು ಬಸಿಗಾಲುವೆ ತೋಡಿಯೇ ಇರುತ್ತಾರೆ. ಮಲೆನಾಡಿನಲ್ಲಿ ಅದಿಲ್ಲದೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ಈಗ ಅದು ಎಲೆ ಮಣ್ಣು ತುಂಬಿ ನೆಲಕ್ಕೆ ಸಮವಾಗಿರುವುದರಿಂದ ಕಾಣಿಸುತ್ತಿಲ್ಲ ಅಷ್ಟೆ. ಗುದ್ದಲಿ ಹಿಡಿದು ಅದನ್ನು ಹುಡುಕಿ ತೆಗೆಸಿ. ಗೋಡೆಗೆ ಒತ್ತಿಕೊಂಡು ಮಾತ್ರ ಹೊಸ ಕಾಲುವೆ ತೋಡಿಸಬೇಡಿ. ತಳಪಾಯದ ಕಲ್ಲಿನ ಮಟ್ಟಕ್ಕಿಂತ ಕೆಳಗೆ ಅಗೆದರೆ ಗೋಡೆ ಹೊರಕ್ಕೆ ವಾಲುತ್ತದೆ. ವರ್ಷವರ್ಷ ತೊಳೆದು ಬಂದ ಮಣ್ಣು ಹೊರಗೋಡೆಯ ಬುಡದಲ್ಲಿ ಗುಡ್ಡೆಯಾಗಿ, ಹೊರನೆಲ ಒಳನೆಲಕ್ಕಿಂತ ಎತ್ತರವಾಗಿಬಿಟ್ಟಿರಬಹುದು. ಆ ಮಣ್ಣನ್ನು ಕೈಯಿಂದಲೇ ಕೆರೆದು ತೆಗೆದು, ಸೂರಿನ ನೀರು ಬೀಳುವ ಜಾಗಕ್ಕೆ ಕಲ್ಲು ಚಪ್ಪಡಿ ಹಾಸಿ ಹೊರಗಡೆಗೆ ಇಳಿಜಾರು ಕೊಡಿಸಿ.

ರೊಬಸ್ಟಾ (ಬಾಳೆಹೊನ್ನೂರು)
ಜೆಸಿಬಿಯನ್ನು ಗೇಟಿನೊಳಗೆ ಬಿಡಲೇಬೇಡಿ. ಎರಡು ದಿನದಲ್ಲಿ ಬೋಳಾಗುವುದು ನಿಜ. ಆದರೆ ಕಳೆಯ ಜೊತೆಗೆ ಮೇಲ್ಮಣ್ಣು, ಹಳೆಯ ಕಾಲುವೆ, ಕಲ್ಲಿನ ಕಟ್ಟೆ, ಗುರುತು ಸಿಗದ ಚೌಡಿ ದೇವತೆಯ ಕಲ್ಲು, ಎಲ್ಲವೂ ಒಂದೇ ಗುಡ್ಡೆಯಾಗುತ್ತವೆ. (ಚೌಡಿಗೆ ತೊಂದರೆಯಾಯಿತೆಂದು ಸುದ್ದಿ ಹಬ್ಬಿದರೆ ಊರಿನ ಒಂದಾಳೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ, ಇದನ್ನು ತಮಾಷೆಗೆ ಹೇಳುತ್ತಿಲ್ಲ.) 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಎಷ್ಟು ಕಡೆ ಗುಡ್ಡ ಜಾರಿತು ಎಂಬುದನ್ನು ನಿಮ್ಮ ಕಡೆಯವರು ಮರೆತಿರಲಾರರು. ಇಳಿಜಾರಿನಲ್ಲಿ ಬೇರು ಕಿತ್ತು ಮಣ್ಣು ಸಡಿಲಿಸಿ ಅದರ ಮೇಲೆ ಜೂನ್ ಮಳೆ ಸುರಿಯಲು ಬಿಡುವುದು ಗಂಡಾಂತರವನ್ನು ಕರೆದು ಕೂರಿಸಿದ ಹಾಗೆ. ಕಳೆಯನ್ನು ಕತ್ತಿಯಿಂದಲೋ ವೀಡ್ ಕಟರಿನಿಂದಲೋ ನೆಲಮಟ್ಟಕ್ಕೆ ಸವರಿಸಿ, ಸವರಿದ ಸೊಪ್ಪನ್ನು ಅಲ್ಲೇ ಹೊದಿಕೆಯಾಗಿ ಬಿಡಿ. ಲಂಟಾನವನ್ನು ಮಾತ್ರ ಬುಡಸಮೇತ ಕೀಳಿಸಬೇಕು, ಅದನ್ನೂ ಮನೆಯ ಸುತ್ತಲಿನ ಸಮತಟ್ಟಾದ ಜಾಗದಲ್ಲಷ್ಟೇ.

ತೋಟದ ಮಟ್ಟಿಗೆ ಮೊದಲು ತಿಳಿಯಬೇಕಾದದ್ದು ಅದು ಅರೇಬಿಕಾವೋ ರೊಬಸ್ಟಾವೋ ಎಂಬುದು. ಅರೇಬಿಕಾ ಆಗಿದ್ದರೆ ಬಿಳಿ ಕಾಂಡಕೊರಕ ಹಿಡಿದೇ ಇರುತ್ತದೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬಿದ ಗೆರೆಗಳು ಕಾಣುವ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು. ಕೊರಕದ ದುಂಬಿ ಹೊರಬಂದು ಹಾರಾಡುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ದರಿಂದ ಈ ಕೆಲಸ ಮಾರ್ಚ್ ಒಳಗೆ ಮುಗಿಯಬೇಕು. ಆ ದುಂಬಿ ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಗವ್ವೆನ್ನುವ ತೋಟವನ್ನು ಕಂಡು ಗಾಬರಿಯಾಗಿ ನೆರಳಿನ ಮರಗಳ ರೆಂಬೆಗಳನ್ನೆಲ್ಲ ಒಮ್ಮೆಲೇ ಕಡಿಸಿದವರು ಉಳಿದ ಗಿಡಗಳನ್ನೂ ಅದರ ಬಾಯಿಗೆ ಕೊಟ್ಟಂತಾಗುತ್ತದೆ. ನೆರಳನ್ನು ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ಬಿಡಿಸಿ. ಹಾಗೆಂದು ದಟ್ಟ ನೆರಳನ್ನು ಹಾಗೇ ಬಿಟ್ಟರೂ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ನೆರಳಿಗೆ ಬೆಳೆಸುವ ಹಾಲುವಾಣದ ಕೆಳಗಿನ ರೆಂಬೆಗಳನ್ನಾದರೂ ಮಳೆಗೆ ಮುಂಚೆ ತೆಗೆಸಿ.

ರೊಬಸ್ಟಾ ಆಗಿದ್ದರೆ ನಿಮ್ಮ ಪುಣ್ಯ. ಕಾಂಡಕೊರಕದ ಕಾಟ ಅದಕ್ಕಿಲ್ಲ, ಮುದಿಗಿಡವೂ ಮತ್ತೆ ಚಿಗುರುತ್ತದೆ. ಕೊಯ್ಲು ಮುಗಿದ ಮೇಲೆ ನೆಲದಿಂದ ಸುಮಾರು ಒಂದು ಅಡಿ ಎತ್ತರಕ್ಕೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಬಳಿಸಿ. ಮಳೆ ಬಿದ್ದ ಮೇಲೆ ಏಳುವ ಕಂಬಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿಕೊಂಡು ಮಿಕ್ಕವನ್ನು ಮುರಿಸಿ. ಕತ್ತರಿಸಿದ ಗಿಡದಿಂದ ಎರಡು ಮೂರು ವರ್ಷ ಫಸಲಿನ ಆಸೆ ಬಿಡಬೇಕಾಗುವುದರಿಂದ ಇದನ್ನೂ ಪಟ್ಟಿಪಟ್ಟಿಯಾಗಿ ಮಾಡಿಸುವುದು ವಾಸಿ. ಮಣ್ಣು ಪರೀಕ್ಷೆಗೆ ದೂರ ಹೋಗಬೇಕಿಲ್ಲ. 1925ರಿಂದ ನಡೆದುಬಂದಿರುವ ಕಾಫಿ ಸಂಶೋಧನಾ ಕೇಂದ್ರ ನಮ್ಮ ಬಾಳೆಹೊನ್ನೂರಿನಲ್ಲೇ ಇದೆ.

ಪಹಣಿ
ಗುದ್ದಲಿ ಹಿಡಿಯುವ ಮೊದಲು ಕಾಗದ ನೋಡಿ ಅಮ್ಮಾ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಅತ್ತೆಯಂದಿರ ಹೆಸರೂ ಬರಬೇಕು. ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ತೇಲಿಸಿಬಿಡುವಂಥದ್ದಲ್ಲ. ಇಷ್ಟು ವರ್ಷ ಯಾರೂ ತಿರುಗಿ ನೋಡದ ಮನೆಗೆ ನೀವು ಹೊಸ ಹೆಂಚು ಹೊದೆಸಿದ ಮರುದಿನವೇ ಪಾಲಿನ ಮಾತು ಏಳುತ್ತದೆ, ಆದ್ದರಿಂದ ಹಣ ಸುರಿಯುವ ಮುಂಚೆಯೇ ಎಲ್ಲರನ್ನೂ ಕೂರಿಸಿ ಮಾತಾಡಿ. ಎರಡನೆಯದಾಗಿ ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಹಾಕಿ. ಪಾಳುಬಿದ್ದ ತೋಟದ ಬೇಲಿ ಪಕ್ಕದವರ ಕಡೆಯಿಂದ ಒಳಕ್ಕೆ ಸರಿದಿರುವುದೇ ಹೆಚ್ಚು; ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲಿ, ಹಿಡುವಳಿ ಎಲ್ಲಿ ಎಂಬುದೂ ಆಗಲೇ ಖಚಿತವಾಗುತ್ತದೆ. ಮೂರನೆಯದಾಗಿ, 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣದಂಥ ಕೆಲವಕ್ಕೆ ವಿನಾಯಿತಿ ಉಂಟು. ಬೀಟೆಯ ಮರ ತಾನಾಗಿ ಬಿದ್ದಿದ್ದರೂ ಅರಣ್ಯ ಇಲಾಖೆಗೆ ತಿಳಿಸದೆ ಕೊಡಲಿ ತಾಗಿಸಬೇಡಿ.

ಹಳೇಜಗಲಿ
ಎಲ್ಲರಿಗೂ ವಂದನೆಗಳು. ಅತ್ತೆಯಂದಿರೊಡನೆ ಮಾತಾಡಿದ್ದೇವೆ, ಅವರ ಒಪ್ಪಿಗೆಯಿದೆ. ಜೆಸಿಬಿಯವರಿಗೆ ಬೇಡವೆಂದು ಹೇಳಿಯಾಯಿತು. ತೋಟದಲ್ಲಿ ಮೇಲ್ಭಾಗ ಅರೇಬಿಕಾ, ಹಳ್ಳದ ಕಡೆ ರೊಬಸ್ಟಾ ಎಂದು ಹಳೆಯ ಮೇಸ್ತ್ರಿಯೊಬ್ಬರು ನಡೆದು ತೋರಿಸಿದರು.

ಈ ಸಲ ಹೋದಾಗ ಒಂದು ವಿಚಿತ್ರ ಕಂಡಿತು. ಬಹಳ ಹಿಂದೆ ಯಾರೋ ಮುಂಭಾಗದ ಗೋಡೆಗೆ ಸೊಂಟದೆತ್ತರದವರೆಗೆ ಸಿಮೆಂಟು ಗಿಲಾವು ಮಾಡಿಸಿದ್ದಾರೆ. ಬೆರಳಿನಿಂದ ತಟ್ಟಿದರೆ ಡಬಡಬ ಸದ್ದು ಬರುತ್ತದೆ. ಒಂದು ಚಕ್ಕೆ ಕೈಗೇ ಕಿತ್ತುಬಂತು; ಅದರ ಹಿಂದೆ ಗೋಡೆಯ ಮಣ್ಣು ಚಿವುಟಿದರೆ ಉದುರುವಷ್ಟು ಹಸಿಯಾಗಿತ್ತು, ಸಿಮೆಂಟಿನ ಮೇಲಂಚಿನಲ್ಲಿ ಬಿಳಿಯ ಉಪ್ಪು ಹೂವಿನಂತೆ ಎದ್ದಿತ್ತು. ಸಿಮೆಂಟು ಇಲ್ಲದ ಹಿಂಗೋಡೆ ಮಾತ್ರ ಗಟ್ಟಿಯಾಗಿಯೇ ಇದೆ. ಇದೇಕೆ ಹೀಗೆ? ಅಣ್ಣ ಇದನ್ನೇ ತೋರಿಸಿ, ಮಣ್ಣಿನ ಮನೆಯ ಹಣೆಬರಹವೇ ಇಷ್ಟು ಎನ್ನುತ್ತಿದ್ದಾನೆ.

ಗಾರೆಕೆಲಸ (ಹಾಸನ)
ನಿಮ್ಮ ಅಣ್ಣನವರು ಹಿಂಗೋಡೆಯನ್ನು ಇನ್ನೊಮ್ಮೆ ನೋಡಲಿ. ಅದೂ ಮಣ್ಣೇ, ಅದಕ್ಕೂ ಅಷ್ಟೇ ವಯಸ್ಸು.

ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವವನ್ನು ಸದಾ ಮೇಲಕ್ಕೆ ಹೀರುತ್ತದೆ, ಹೀರಿದ್ದನ್ನು ಮೈಯಿಂದ ಗಾಳಿಗೆ ಬಿಡುತ್ತದೆ. ಸುಣ್ಣದ ಗಾರೆಯಾಗಲಿ ಮಣ್ಣಿನ ಗಿಲಾವಾಗಲಿ ಆ ಆವಿಯನ್ನು ತಡೆಯುವುದಿಲ್ಲ. ಸಿಮೆಂಟಿನ ಪದರ ತಡೆಯುತ್ತದೆ. ತೇವಕ್ಕೆ ಹೊರಬರಲು ದಾರಿಯಿಲ್ಲದೆ ಒಳಗೇ ಉಳಿದು, ಸಿಮೆಂಟು ಮುಗಿಯುವ ಎತ್ತರದವರೆಗೂ ಏರಿ, ಅಲ್ಲಿ ಒಣಗುವಾಗ ಉಪ್ಪನ್ನು ಹೊರಹಾಕುತ್ತದೆ. ನೀವು ಕಂಡ ಬಿಳಿ ಹೂವು ಅದೇ. ಗೋಡೆಯನ್ನು ಗಟ್ಟಿಮಾಡಲೆಂದು ಬಳಿದ ಸಿಮೆಂಟೇ ಅದನ್ನು ಒಳಗಿನಿಂದ ನೆನೆಸಿಟ್ಟಿದೆ.

ಈಗ ಮಾಡಬೇಕಾದದ್ದು ಇಷ್ಟು. ಸಡಿಲವಾದ ಸಿಮೆಂಟನ್ನೆಲ್ಲ ಉಳಿಯಿಂದ ಮೆಲ್ಲಗೆ ಬಿಡಿಸಿ. ಗಟ್ಟಿಯಾಗಿ ಹಿಡಿದುಕೊಂಡಿರುವ ಕಡೆ ಬಲವಂತ ಬೇಡ, ಅದರ ಜೊತೆ ಗೋಡೆಯೂ ಬರುತ್ತದೆ. ಬಿಡಿಸಿದ ಮೇಲೆ ಬೇಸಿಗೆಯಿಡೀ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಡಿ. ಮಣ್ಣು ಉದುರಿ ಗುಳಿ ಬಿದ್ದ ಕಡೆ, ಅದೇ ಜಾಗದ ಮಣ್ಣನ್ನು ಕತ್ತರಿಸಿದ ಹುಲ್ಲಿನ ಜೊತೆ ಕಲಸಿ ಕೊಳೆಹಾಕಿ, ಆ ಮಣ್ಣಿನ ಹಸಿ ಇಟ್ಟಿಗೆಯಿಂದ ತುಂಬಿಸಿ. ಮಳೆಗಾಲಕ್ಕೆ ಹೊರಗೋಡೆಗೆ ತಡಿಕೆಯನ್ನೋ ಅಡಿಕೆ ಸೋಗೆಯನ್ನೋ ಗಾಳಿಯಾಡುವ ಹಾಗೆ ಇರುಚಲಿಗೆ (ಓರೆಯಾಗಿ ಹೊಡೆಯುವ ಮಳೆಗೆ) ಅಡ್ಡ ಕಟ್ಟಿದರೆ ಸಾಕು.

ಸುಣ್ಣದ ಗಾರೆಯ ಕೆಲಸವನ್ನು ಅಕ್ಟೋಬರ್ ನಂತರವೇ ಮಾಡಿಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು. ಸುರಿಯುವ ಮಳೆಯಲ್ಲಿ ಅದು ತೊಳೆದುಹೋಗುತ್ತದೆ, ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಸೀಳು ಬಿಡುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಕನಿಷ್ಠ ಎರಡು ವಾರ ನೀರಿನಡಿಯಲ್ಲೇ ಬಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನಂತೆ ಬೆರೆಸಿ, ತೇವದ ಜಾಗಕ್ಕೆ ಸ್ವಲ್ಪ ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಸುಣ್ಣ ಅರಳಿಸುವಾಗ ನೀರು ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಯಾರನ್ನೂ ಹತ್ತಿರ ನಿಲ್ಲಿಸಬೇಡಿ. ಈ ಕೆಲಸ ಬಲ್ಲ ಗಾರೆಯವರು ಈಗ ಅಪರೂಪ. ಹಳೆಯ ದೇವಸ್ಥಾನಗಳ ದುರಸ್ತಿಗೆ ಹೋಗುವ ಮೇಸ್ತ್ರಿಗಳನ್ನು ಬೇಲೂರು–ಹಳೇಬೀಡಿನ ಕಡೆ ವಿಚಾರಿಸಿದರೆ ಯಾರಾದರೂ ಸಿಗಬಹುದು.

ಮಂಗನಕಾಟ (ಹಾನುಬಾಳು)
ಹೆಂಚಿನ ವ್ಯಾಮೋಹ ಬಿಡಿ ಎಂದರೆ ಇಲ್ಲಿ ಎಲ್ಲರೂ ನನ್ನ ಮೇಲೆ ಬೀಳುತ್ತೀರಿ ಎಂದು ಗೊತ್ತು, ಆದರೂ ಹೇಳುತ್ತೇನೆ. ನಮ್ಮ ಕಡೆ ಮಂಗಗಳು ವರ್ಷಕ್ಕೆ ಎಷ್ಟು ಹೆಂಚು ಒಡೆಯುತ್ತವೆಯೆಂದು ಬೆಂಗಳೂರಿನಲ್ಲಿ ಕುಳಿತವರಿಗೆ ತಿಳಿಯದು. ಮಳೆ ಹಿಡಿದ ಮೇಲೆ ಪಾಚಿಗಟ್ಟಿದ ಮಾಡು ಹತ್ತಿ ಒಡೆದ ಹೆಂಚು ಬದಲಿಸುವ ಆಳು ಈಗ ಎಲ್ಲಿದ್ದಾನೆ? ತೋಟದ ಕೆಲಸಕ್ಕೇ ಅಸ್ಸಾಂನಿಂದ ಜನ ಬರಬೇಕಾಗಿದೆ. ಮನೆಯಲ್ಲಿ ವರ್ಷವಿಡೀ ಜನ ಇರುವುದಿಲ್ಲವೆಂದಾದರೆ, ಹೆಂಚನ್ನು ಹಾಗೇ ಉಳಿಸಿ ಮೇಲೊಂದು ಶೀಟಿನ ಮಾಡು ಹೊದೆಸುವುದೇ ಜಾಣತನ. ಮಳೆಯ ಸದ್ದು ಜೋರು, ಒಪ್ಪಿದೆ. ಆದರೆ ಸೋರುವ ಮನೆಯಲ್ಲಿ ಪಾತ್ರೆ ಇಡುತ್ತ ರಾತ್ರಿ ಕಳೆಯುವುದಕ್ಕಿಂತ ಅದು ಮೇಲು.

ಆಲೂರಿನ ಸೊಸೆ
ಹಾನುಬಾಳಿನವರ ಮಾತನ್ನು ತಳ್ಳಿಹಾಕಲಾರೆ. ನಮ್ಮ ಕೊಟ್ಟಿಗೆಗೆ ಶೀಟೇ ಇದೆ. ಆದರೆ ವಾಸದ ಮನೆಯ ಮೇಲೆ ಹಾಕಿಸುವುದಾದರೆ ಎರಡು ಸಂಗತಿ ಗಮನದಲ್ಲಿರಲಿ. ಶೀಟಿನ ಭಾರವನ್ನೂ ಗಾಳಿಯ ಎಳೆತವನ್ನೂ ಹಳೆಯ ಮಣ್ಣಿನ ಗೋಡೆಯ ಮೇಲೆ ಹೊರಿಸಕೂಡದು, ಅದಕ್ಕೆ ಹೊರಗಡೆ ಬೇರೆಯೇ ಕಬ್ಬಿಣದ ಕಂಬ ನಿಲ್ಲಿಸಬೇಕು. ಹೆಂಚಿಗೂ ಶೀಟಿಗೂ ನಡುವೆ ಗಾಳಿಯಾಡುವಷ್ಟು ಅಂತರ ಬಿಡಬೇಕು. ಇಲ್ಲವಾದರೆ ಶೀಟಿನ ಕೆಳಗೆ ಬೆವರಿದ ನೀರು ಪಕಾಸಿನ (ಮಾಡು ಹೊರುವ ಇಳಿಜಾರು ಮರದ) ಮೇಲೆ ತೊಟ್ಟಿಕ್ಕಿ, ಮಳೆಯಿಲ್ಲದ ಕಾಲದಲ್ಲೂ ಮರ ಹಸಿಯಾಗಿಯೇ ಇರುತ್ತದೆ.

ಮರದ ವಿಷಯವನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ಬರೆಯುತ್ತೇನೆ. ಪಕಾಸಿನ ಮಧ್ಯಭಾಗ ನೋಡಿ ಮೋಸಹೋಗಬೇಡಿ. ಕೊಳೆಯುವುದು ಗೋಡೆಯ ಮೇಲೆ ಕುಳಿತಿರುವ ತುದಿ. ಸೂರಿನ ಕೆಳಗಿನ ಎರಡು ಸಾಲು ಹೆಂಚು ಇಳಿಸಿ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿ ನೋಡಿ. ಹಲಸಿನ ಗಟ್ಟಿಮರ ಒಂದಿಷ್ಟೂ ಒಳಗೆ ಬಿಡುವುದಿಲ್ಲ, ಟೊಳ್ಳಾದದ್ದು ಬೆಣ್ಣೆಯ ಹಾಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ತುದಿ ಮಾತ್ರ ಹೋಗಿದ್ದರೆ ಇಡೀ ಪಕಾಸು ಬದಲಿಸುವ ದುಂದು ಬೇಡ. ಆ ತುದಿಯನ್ನು ಕತ್ತರಿಸಿ, ಒಣಗಿದ ಅದೇ ಜಾತಿಯ ಮರವನ್ನು ಕಚ್ಚು ಹಾಕಿ ಬೋಲ್ಟಿನಿಂದ ಬಿಗಿದರೆ ಸಾಕೆಂದು ನಮ್ಮ ಆಚಾರಿಗಳು ಮಾಡಿಕೊಟ್ಟರು, ಈಗಲೂ ಗಟ್ಟಿಯಾಗಿದೆ. ಮರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳು, ಗೋಡೆಯ ಮೇಲೆ ಮಣ್ಣಿನ ಕೊಳವೆ ಏರಿದ್ದರೆ ಗೆದ್ದಲು. ಕೊಳವೆಯನ್ನು ಒರೆಸಿಬಿಟ್ಟರೆ ಮುಗಿಯಲಿಲ್ಲ, ಅದು ನೆಲದಿಂದ ಎಲ್ಲಿ ಏಳುತ್ತಿದೆಯೆಂದು ಹುಡುಕಿ ಅಲ್ಲಿಗೆ ಔಷಧಿ ಮಾಡಿಸಬೇಕು. ಗೋಡೆಯೊಳಗೆ ಹುದುಗುವ ತುದಿಗಳಿಗೆ ಗೇರೆಣ್ಣೆ ಬಳಿಸುವುದು ಹಿಂದಿನವರ ರೂಢಿ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಹುಷಾರು.

ತೊಟ್ಟಿಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸೋರುವುದು ತೊಟ್ಟಿಯ ನಾಲ್ಕು ಮೂಲೆ. ಎರಡು ಮಾಡಿನ ನೀರು ಅಲ್ಲಿ ಒಟ್ಟಾಗಿ ಇಳಿಯುತ್ತದೆ. ಅಲ್ಲಿರುವ ಹಳೆಯ ತಗಡು ತುಕ್ಕು ಹಿಡಿದು ತೂತಾಗಿಯೇ ಇರುತ್ತದೆ. ಅದನ್ನು ಮೊದಲು ಬದಲಿಸಿ, ನೀರು ಹರಿದುಹೋಗುವ ದಂಬೆಯ ಕಸ ತೆಗೆಸಿ. ತೊಟ್ಟಿಯ ನೀರು ಹೊರಹೋಗುವ ಕಲ್ಲಿನ ತೂಬಿನೊಳಗೆ ಇಲಿಯೋ ಹಾವೋ ಮನೆ ಮಾಡಿರಬಹುದು, ಬರಿಗೈ ಹಾಕದೆ ಬಿದಿರಿನ ಗಳು ತೂರಿಸಿ. ಕೆಲಸದವರಿಗೆ ಗಂಬೂಟು ಕೊಡಿಸಿ. ಸೌದೆ ರಾಶಿ, ಹೆಂಚಿನ ರಾಶಿ ಕದಲಿಸುವಾಗ ಕೊಳಕುಮಂಡಲದ ಭಯ ಇದ್ದೇ ಇದೆ.

ಇನ್ನೊಂದು ಮಾತು. ಇರುವ ಕೋಣೆಗಳಲ್ಲಿ ಒಂದನ್ನಾದರೂ ಈಗಲೇ ವಾಸಕ್ಕೆ ತಕ್ಕಂತೆ ಮಾಡಿಕೊಂಡು, ತಿಂಗಳಲ್ಲಿ ಒಂದೆರಡು ಸಲವಾದರೂ ಹೋಗಿ ಒಲೆ ಹಚ್ಚಿ, ಬಾಗಿಲು ಕಿಟಕಿ ತೆರೆದಿಡಿ. ಹೊಗೆ ಮತ್ತು ಗಾಳಿ ಮಾಡುವ ಉಪಕಾರವನ್ನು ಯಾವ ಔಷಧಿಯೂ ಮಾಡುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು. ಹಳೆಯ ಅಡುಗೆಮನೆಗಳ ಕರಿಹಿಡಿದ ಪಕಾಸು ಹುಳು ಬೀಳದೆ ಉಳಿದಿರುವುದನ್ನು ನೋಡಿದರೆ ಅವರ ಮಾತು ಸರಿಯೆನಿಸುತ್ತದೆ.

ಮಾಳಿಗೆ (ಅರಸೀಕೆರೆ)
ನಮ್ಮ ಬಯಲುಸೀಮೆಯವರು ಈ ಚರ್ಚೆ ಓದಿ ಇದನ್ನೇ ಹಾಗೆಹಾಗೇ ಅನುಸರಿಸಬಾರದೆಂದು ಒಂದು ಮಾತು. ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಡಿನ ಮಾಳಿಗೆ ಮನೆಗಳಿಗೆ ಹೆಂಚಿನ ಕಥೆಯೇ ಇಲ್ಲ. ಮೇಲಿನ ಕರಲು (ಚೌಳು) ಮಣ್ಣಿನ ಪದರವನ್ನು ಮಳೆಗೆ ಮುಂಚೆ ಹೊಸದಾಗಿ ಹಾಕಿ ಬಡಿಸಿ, ಹುಲ್ಲಿನ ಬೇರು ಇಳಿಯದಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಆದಂತೆ. ಅದರ ಮೇಲೆ ಕಾಂಕ್ರೀಟು ಸುರಿಸಿ ತೊಲೆ ಬಾಗಿಸಿಕೊಂಡವರು ನಮ್ಮೂರಿನಲ್ಲಿದ್ದಾರೆ.

ಬಾವಿಕಟ್ಟೆ (ಕೊಪ್ಪ)
ಬಾವಿಯ ವಿಷಯದಲ್ಲಿ ಅವಸರ ಬೇಡ ಮೇಡಂ. ವರ್ಷಗಟ್ಟಲೆ ಬಳಸದ ಬಾವಿಯಲ್ಲಿ ಎಲೆ ಕೊಳೆತು ಪ್ರಾಣವಾಯು ಕಡಿಮೆಯಾಗಿರುತ್ತದೆ. ದೀಪ ಇಳಿಸಿ ನೋಡುವ ರೂಢಿಯುಂಟು. ದೀಪ ಆರಿದರೆ ಇಳಿಯಬಾರದು ಎಂಬುದು ಖಂಡಿತ. ಆದರೆ ಉರಿಯಿತೆಂದ ಮಾತ್ರಕ್ಕೆ ಕ್ಷೇಮವೆಂದಲ್ಲ, ಹೈಡ್ರೋಜನ್ ಸಲ್ಫೈಡಿನಂಥ ವಿಷಗಾಳಿ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಮೊದಲು ಮೇಲಿನಿಂದಲೇ ಪಂಪಿನಲ್ಲಿ ನೀರು ಖಾಲಿ ಮಾಡಿಸಿ, ಬ್ಲೋವರಿನಿಂದ ಗಾಳಿ ಬಿಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಅನುಭವಿಯನ್ನೇ ಇಳಿಸಬೇಕು, ಮೇಲೆ ಎಳೆಯಲು ಜನ ನಿಂತಿರಬೇಕು. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬಾರದು, ಅದರ ಹೊಗೆಯೇ ಪ್ರಾಣ ತೆಗೆಯುತ್ತದೆ.

ಕಟ್ಟೆಯ ಆಲದ ಸಸಿಯನ್ನು ಎಳೆದು ಕೀಳಿಸಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದ ಹಾಗೆಲ್ಲ ಚಿವುಟುತ್ತ ಬಂದರೆ ಬೇರು ಒಳಗೇ ಸಾಯುತ್ತದೆ, ಆಮೇಲೆ ಸಂದಿಗೆ ಗಾರೆ ತುಂಬಿಸಬಹುದು. ಹೂಳು ತೆಗೆಸಿ ಹೊಸ ನೀರು ಬಂದ ಮೇಲೆ ಮೊದಲ ಸಲ ಬ್ಲೀಚಿಂಗ್ ಪುಡಿ ಹೆಚ್ಚಾಗಿಯೇ ಹಾಕಿ, ಒಂದು ದಿನ ಬಿಟ್ಟು ಆ ನೀರನ್ನೆಲ್ಲ ಹೊರಚೆಲ್ಲಿ. ನಂತರದ ಬಳಕೆಗೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರು ನಿಂತಿದ್ದರೆ ಅದು ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಪುಡಿ. ಅದನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯಾದ ಮೇಲಿನ ನೀರನ್ನಷ್ಟೇ ಬಾವಿಗೆ ಇಳಿಸಿ ಕಲಕಬೇಕು. ಒಂದು ಗಂಟೆಯ ನಂತರ ನೀರು ಸೇದಬಹುದು. ಕುಡಿಯುವ ಮುಂಚೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಹಳೇಜಗಲಿ
ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿ. ನಾವು ಅಂದುಕೊಂಡಿರುವುದು ಹೀಗಿದೆ: ಫೆಬ್ರುವರಿಯಲ್ಲಿ ಬಸಿಗಾಲುವೆ, ತೊಟ್ಟಿಯ ಮೂಲೆಗಳು ಮತ್ತು ಮುಂಗೋಡೆಯ ಸಿಮೆಂಟು, ಮಾರ್ಚ್ ಒಳಗೆ ಅರೇಬಿಕಾ ಭಾಗದಲ್ಲಿ ಕೊರಕದ ಗಿಡ ಕೀಳಿಸುವುದು, ಕುಸಿದ ಅಡುಗೆಮನೆಯ ಮಾಡನ್ನು ಇಳಿಸಿ ಈ ಮಳೆಗಾಲಕ್ಕೆ ಅಷ್ಟು ಭಾಗಕ್ಕೆ ಮಾತ್ರ ತಾತ್ಕಾಲಿಕವಾಗಿ ಶೀಟು. ಅಣ್ಣ ಒಂದು ಮಳೆಗಾಲ ಕಾದು ನೋಡಲು ಒಪ್ಪಿದ್ದಾನೆ. ಮನೆ ನಿಂತರೆ ಆರ್‌ಸಿಸಿ ಮಾತು ಎತ್ತುವುದಿಲ್ಲವಂತೆ.

ಒಂದೇ ಒಂದು ಸಮಸ್ಯೆ ಉಳಿದಿದೆ. ಒಡೆದ ಹೆಂಚಿನ ಬದಲಿಗೆ ಪೇಟೆಯಿಂದ ತಂದ ಹೊಸ ಹೆಂಚು ಹಳೆಯದರ ಜೊತೆ ಕೂರುವುದಿಲ್ಲ, ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ.

ಆಲೂರಿನ ಸೊಸೆ
ಕೂರುವುದಿಲ್ಲ, ಸಹಜ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹುಟ್ಟಿಕೊಂಡ ಕಾರ್ಖಾನೆಗಳು ಒಂದೆರಡಲ್ಲ, ಒಂದೊಂದರ ಅಚ್ಚು ಒಂದೊಂದು ಬಗೆ. ನಿಮ್ಮ ಹೆಂಚಿನ ಮೈಮೇಲಿರುವ ಕಾರ್ಖಾನೆಯ ಮುದ್ರೆ ಓದಿಕೊಂಡು, ಒಂದು ಇಡೀ ಹೆಂಚನ್ನು ಕೈಯಲ್ಲೇ ಹಿಡಿದುಕೊಂಡು, ಹಳೆಯ ಮನೆ ಬಿಚ್ಚಿದ ಸಾಮಾನು ಮಾರುವವರಲ್ಲಿಗೆ ಹೋಗಿ ಜೋಡಿಸಿ ನೋಡಿ ತನ್ನಿ. ಅದೇ ಮುದ್ರೆಯದು ಸಾಕಷ್ಟು ಸಿಗದಿದ್ದರೆ ಹೊಸದನ್ನೂ ಹಳೆಯದನ್ನೂ ಒಂದೇ ಮಾಡಿನಲ್ಲಿ ಬೆರೆಸಬೇಡಿ. ಅಡುಗೆಮನೆಯಲ್ಲಿ ಉಳಿದಿರುವ ಹಳೆಯ ಹೆಂಚನ್ನೆಲ್ಲ ಇಳಿಸಿ ಮುಂಭಾಗದ ಮಾಡಿನ ತೂತುಗಳಿಗೆ ಬಳಸಿಕೊಳ್ಳಿ, ಶೀಟು ತೆಗೆಯುವ ಕಾಲಕ್ಕೆ ಅಡುಗೆಮನೆಯ ಮಾಡಿಗೆ ಪೂರ್ತಿ ಹೊಸ ಹೆಂಚು ಹೊದೆಸಿ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚಿನ ಲೆಕ್ಕ ಹಿಡಿದು, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚಿಗೆ ತರಿಸಿ. ಹೊಸ ಹೆಂಚಿಗೆ ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಅಂತರವೂ ಬೇರೆಯಾಗಬಹುದು, ಆದ್ದರಿಂದ ಆಚಾರಿಗಳು ರೀಪು ಹೊಡೆಯುವ ಮುಂಚೆಯೇ ಹೆಂಚು ಅಂಗಳಕ್ಕೆ ಬಂದಿರಲಿ.